ಬೀಟೆಯಲ್ಲದ ಬುಗರಿ

ತುಂಬಾ ದಿನಗಳ ಮೇಲೆ ಊರಿಗೆ ಹೋಗಿದ್ದೆ. ಯಾದಗಿರಿ ಪಕ್ಕದ ಮುದನಾಳ. ಅಟ್ಟದ ಮೇಲಿನ ಡಬ್ಬಿಯಲ್ಲಿ ಅಪ್ಪನ ಬುಗರಿ ಸಿಕ್ಕಿತು. ಬಡಿಗೇರರ ಹತ್ತಿರ ಲೇತಿನಲ್ಲಿ ಕಡೆಸಿದ್ದು, ಕಡುಗಂದು ಬಣ್ಣ, ಕೈಯಲ್ಲಿ ಹಿಡಿದರೆ ಒಳ್ಳೇ ಭಾರ. "ಬೀಟಿ ಮರದ್ದು, ಮುತ್ಯಾ ಮಾಡಿಸಿ ಕೊಟ್ಟಿದ್ದು" ಅಂತ ಅಪ್ಪ ನಲವತ್ತು ವರ್ಷದಿಂದ ಹೇಳಿಕೊಂಡು ಬಂದವರು.

ಕೋಡ್‌ನಲ್ಲಿ ಬಗ್ ಹುಡುಕುವವನಿಗೆ ಸುಮ್ಮನಿರಲು ಆಗುತ್ತದೆಯೇ? ಬುಡವನ್ನು ಬ್ಲೇಡಿನಿಂದ ಚೂರು ಕೆರೆದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದೆ. ಬೀಟೆಯನ್ನು ಕೆರೆದರೆ ಸಿಹಿ ಪರಿಮಳ ಬರುತ್ತದೆ, ಪಕ್ಕದ ಮೈಯಲ್ಲಿ ಸಣ್ಣ ಅಲೆಗಳಂಥ ಅಡ್ಡಗೆರೆ ಕಾಣುತ್ತವೆ. ಇಲ್ಲಿ ಎರಡೂ ಇಲ್ಲ! ಹಾಗಾದರೆ ಜಾಲಿಯೇ ಇರಬೇಕು. ಆದರೆ ಯಾವ ಜಾಲಿ? ಕರಿಜಾಲಿಗೂ ಬಳ್ಳಾರಿ ಜಾಲಿಗೂ ಲೆನ್ಸಿನಲ್ಲಿ ಮುಖ ಬಹಳ ಹೋಲುತ್ತದೆ. ಒಂದೇ ಸುಳಿವು: ಇಷ್ಟು ಬೇಸಿಗೆ ಕಂಡರೂ ಬುಗರಿ ಒಂದು ಕಡೆಯೂ ಸೀಳಿಲ್ಲ. ಬಳ್ಳಾರಿ ಜಾಲಿ ಒಣಗುವಾಗ ಕುಗ್ಗುವುದು ಬಹಳ ಕಡಿಮೆ.

ಹೆಸರು ಬಳ್ಳಾರಿಯದಾದರೂ ಈ ಮರ ಪರದೇಶದ್ದು. ತವರು ಮೆಕ್ಸಿಕೊ, ಕೆರಿಬಿಯನ್, ದಕ್ಷಿಣ ಅಮೆರಿಕದ ಉತ್ತರ ಭಾಗ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಓಲೋಫ್ ಸ್ವಾರ್ಟ್ಸ್ 1788ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಮದರಾಸು ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಬೀಜ ತರಿಸಲು ಸರ್ಕಾರಕ್ಕೆ ಬರೆದ. ಜಮೈಕಾದಿಂದ ಬಂದ ಬೀಜಗಳು ಕಡಪದ ಒಣಭೂಮಿಗೆ ಬಿದ್ದವು. ಸೌದೆಯ ಬರ ನೀಗಲಿ ಎನ್ನುವುದು ಆಸೆ. ಜೋಧಪುರ ಸಂಸ್ಥಾನವಂತೂ 1940ರಲ್ಲಿ ಇದನ್ನು ರಾಜವೃಕ್ಷವೆಂದೇ ಸಾರಿತ್ತು! ಆಮೇಲಿನ ಕೆಲಸವನ್ನು ಆಡುಗಳು ನೋಡಿಕೊಂಡವು. ಸಿಹಿಕಾಯಿ ತಿಂದು, ಹಿಕ್ಕೆಯ ಜೊತೆ ಬೀಜವನ್ನು ಊರೂರಿಗೆ ಹಂಚಿದವು. ಇವತ್ತು ನಮ್ಮ ಕಡೆ ಹಳ್ಳ, ಬದು, ಕೆರೆಯಂಗಳ ಎಲ್ಲಾ ಅದರದ್ದೇ. ಸೌದೆ, ಇದ್ದಿಲು ಬಿಟ್ಟರೆ ಅದಕ್ಕೆ ಮರ್ಯಾದೆ ಕೊಡುವವರಿಲ್ಲ. ಆದರೆ ಅಮೆರಿಕದಲ್ಲಿ ಇದರದ್ದೇ ಕುಲದ ಮೆಸ್ಕೀಟ್ ಮರದಿಂದ ಬಟ್ಟಲು, ಕುರ್ಚಿ ಮಾಡುತ್ತಾರೆ, ಬೆಲೆಯೂ ಜೋರು.

ಸಂಜೆ ಬುಗರಿಯನ್ನು ಆಯಿಯ ಕೈಗೆ ಕೊಟ್ಟು ಕೇಳಿದೆ. ನಕ್ಕಳು.

"ಬೀಟಿ ತರಲಿಕ್ಕ ರೊಕ್ಕ ಎಲ್ಲಿತ್ತಪಾ? ನಮ್ಮ ಹೊಲದ ಬದುವಿನ ಬಳ್ಳಾರಿ ಜಾಲಿ ಅದು. ಸೌದಿಗಿ ಕಡಿದಿದ್ದು. ಸಾಲ್ಯಾಗ ಹುಡುಗರು ನಗಬಾರದಂತ ನಿಮ್ಮ ಮುತ್ಯಾ ಬೀಟಿ ಅಂದಿದ್ರು."

ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಒದ್ದಾಡಿದೆ. ಕೊನೆಗೆ ಹೇಳಲಿಲ್ಲ. ಬುಗರಿಗೆ ಹೊಸ ಚಾಟಿ ಸುತ್ತಿ ಕೊಟ್ಟೆ. ಒಂದೇ ಏಟಿಗೆ ಬಿಟ್ಟರು... ಗುಂಯ್ ಅಂತ ತುಂಬಾ ಹೊತ್ತು ತಿರುಗಿತು.

"ಬೀಟಿ ಅಂದ್ರ ಬೀಟಿ ನೋಡು" ಅಂದರು. ಹೌದಪ್ಪಾ ಅಂದೆ :-)

ನಿಮ್ಮ ಮನೆಯ ಹಳೇ ಬುಗರಿ, ಲಟ್ಟಣಿಗೆಗಳನ್ನೂ ಒಮ್ಮೆ ತಿರುಗಿಸಿ ನೋಡಿ. ಯಾವ ಮರ ಎಂದು ಮನೆಯ ಹಿರಿಯರನ್ನು ಕೇಳಿ, ಅವರು ಇರುವಾಗಲೇ.