ಒಬ್ಬ ಪಾಟೀಲರನ್ನು ಸೋಲಿಸಿ, ಇನ್ನೊಬ್ಬ ಪಾಟೀಲರನ್ನು ಗೆಲ್ಲಿಸಲಾಗದೆ



ಚುನಾವಣೆ ನಡೆಸಿಕೊಡುವುದು ಈಗ ಒಂದು ಉದ್ಯೋಗ. ಅದಕ್ಕೆ ಕಚೇರಿಯುಂಟು, ಸಂಬಳವುಂಟು, ಸಮೀಕ್ಷೆ ಮಾಡುವ ಹುಡುಗರುಂಟು. 2023ರ ಕರ್ನಾಟಕ ಚುನಾವಣೆಯಲ್ಲಿ ಬಳ್ಳಾರಿ ಮೂಲದ ಸುನಿಲ್ ಕನುಗೋಲು ಅವರ ಹೆಸರನ್ನು ನೀವೂ ಕೇಳಿರುತ್ತೀರಿ. ಈ ಕೆಲಸಕ್ಕೆ ಇಂಥದೊಂದು ಹುದ್ದೆಯೇ ಇಲ್ಲದ ಕಾಲದಲ್ಲಿ ಅದನ್ನು ಮಾಡಿದ ನಮ್ಮೂರ ಕಡೆಯವರೊಬ್ಬರಿದ್ದರು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮಂತ್ರಿ ಜಾರ್ಜ್ ಎಲ್ಲರಿಗೂ ಗೊತ್ತು. ಚುನಾವಣೆ ಕಟ್ಟಿದ ಜಾರ್ಜ್ ಬಗ್ಗೆ ಇವತ್ತು ನಾಲ್ಕು ಮಾತು.

ಮೊದಲು ನಮ್ಮ ದಾದರ್. ಸಂಜೆ ನೀವು ವಾಕಿಂಗ್ ಹೋಗುವ ಶಿವಾಜಿ ಪಾರ್ಕಿನಲ್ಲಿ 1950ರ ದಶಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ದೊಡ್ಡ ಸಭೆಗಳು ನಡೆಯುತ್ತಿದ್ದವು. ಆಚಾರ್ಯ ಅತ್ರೆಯವರ ಮಾತಿನ ಚಾಟಿ ಬೀಸುತ್ತಿದ್ದುದು ಮುಂಬಯಿ ಕಾಂಗ್ರೆಸ್ಸಿನ ಧಣಿ ಎಸ್. ಕೆ. ಪಾಟೀಲರ ಮೇಲೆ. ಮುಂಬಯಿ ಮಹಾರಾಷ್ಟ್ರಕ್ಕೆ ಸೇರಬಾರದು ಎಂದವರು ಅವರು. 1960ರಲ್ಲಿ ಮಹಾರಾಷ್ಟ್ರವೇನೋ ಬಂತು, ಪಾಟೀಲರು ಮಾತ್ರ ಅಲುಗಲಿಲ್ಲ. ಕೇಂದ್ರದಲ್ಲಿ ರೈಲ್ವೆ ಮಂತ್ರಿಯೂ ಆದರು. ಮುಂಬಯಿಯ ಕಿರೀಟವಿಲ್ಲದ ರಾಜ ಎಂದೇ ಜನ ಕರೆಯುತ್ತಿದ್ದರು. ದಾದರಿನ ಸಿಟ್ಟು ದಾದರಿನಲ್ಲೇ ಉಳಿದಿತ್ತು. ಪಾಟೀಲರ ಕ್ಷೇತ್ರವಿದ್ದದ್ದು ದಕ್ಷಿಣ ಮುಂಬಯಿಯಲ್ಲಿ.

ಅಲ್ಲಿ 1967ರಲ್ಲಿ ಅವರೆದುರು ನಿಂತವರು ಜಾರ್ಜ್. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದ್ದ ಹುಡುಗ, ಅದನ್ನು ಬಿಟ್ಟು ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಕಥೆಯೂ ಹೀಗೇ ಶುರುವಾದದ್ದಲ್ಲವೇ? ಬಂದರು ಕಾರ್ಮಿಕರ ನಾಯಕ, ನಮ್ಮ ಕರಾವಳಿಯವರೇ ಆದ ಪ್ಲ್ಯಾಸಿಡ್ ಡಿಮೆಲ್ಲೊ ಅವರ ಕೈಕೆಳಗೆ ಜಾರ್ಜ್ ಯೂನಿಯನ್ ಕೆಲಸ ಕಲಿತರು. ಟ್ಯಾಕ್ಸಿ ಚಾಲಕರು, ನಗರಪಾಲಿಕೆಯ ಕಾರ್ಮಿಕರು, ಹೋಟೆಲ್ ಮಾಣಿಗಳು ಎಲ್ಲರ ಪರಿಚಯವಾಯಿತು. 1961ರಲ್ಲಿ ನಗರಪಾಲಿಕೆಗೂ ಆರಿಸಿಬಂದರು. ಚುನಾವಣೆ ಬಂದಾಗ ಕಾರ್ಯಕರ್ತರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಇಡೀ ನಗರ ಸುತ್ತುವ ಟ್ಯಾಕ್ಸಿಯವನಿಗಿಂತ ಒಳ್ಳೆಯ ಪ್ರಚಾರಕ ಬೇಕೇ?

ದೇವರು ಬಂದರೂ ನನ್ನನ್ನು ಸೋಲಿಸಲಾರ ಎಂದು ಪಾಟೀಲರು ಪತ್ರಕರ್ತರೆದುರು ಬಾಯಿತಪ್ಪಿ ಆಡಿಬಿಟ್ಟರು ಎಂಬ ಕಥೆಯುಂಟು. ಮರುದಿನದಿಂದ ಗೋಡೆಗಳ ಮೇಲೆ ಪೋಸ್ಟರು: ದೇವರಿಂದ ಆಗದಿದ್ದರೇನು, ನಿಮ್ಮಿಂದ ಆಗುತ್ತದೆ ಎಂಬ ಅರ್ಥದ್ದು. ಜಾರ್ಜ್‌ಗೆ ಶೇಕಡಾ 48.5 ಮತ ಬಿತ್ತು, ಪಾಟೀಲರು ಸೋತರು. ಪೋಸ್ಟರು ಗೆಲ್ಲಿಸಿತು ಎಂದು ಇಂದಿಗೂ ಹೇಳುವವರಿದ್ದಾರೆ. ನನಗೇಕೋ ನಂಬಿಕೆ ಬರುವುದಿಲ್ಲ. ಆ ಪೋಸ್ಟರಿನ ಹಿಂದೆ ಹದಿನೈದು ವರ್ಷಕ್ಕೂ ಮೀರಿದ ಓಡಾಟವಿತ್ತು. ಆದರೆ ಇಂದಿರಾ ಅಲೆ ಎದ್ದ 1971ರಲ್ಲಿ ಆ ಓಡಾಟವೂ ಸಾಲಲಿಲ್ಲ. ಅದೇ ಕ್ಷೇತ್ರದಲ್ಲಿ ಜಾರ್ಜ್ ಸೋತರು.

1977ರದು ಬೇರೆಯೇ ಬಗೆ. ಅಭ್ಯರ್ಥಿ ಸೆರೆಮನೆಯಲ್ಲಿ, ಕ್ಷೇತ್ರ ಬಿಹಾರದ ಮುಜಫ್ಫರ್‌ಪುರ. ಬೇಡಿ ತೊಟ್ಟ ಕೈಯೆತ್ತಿದ ಅವರ ಚಿತ್ರ ಹಿಡಿದು ಸುಷ್ಮಾ ಸ್ವರಾಜ್ ಮೊದಲಾದವರು ಊರೂರು ಸುತ್ತಿದರು. ಗೆಲುವಿನ ಅಂತರ ಮೂರು ಲಕ್ಷಕ್ಕೂ ಹೆಚ್ಚು!

ಇನ್ನು ನಾನು ಹೇಳಬೇಕೆಂದಿದ್ದ ಚುನಾವಣೆ. 1978ರಲ್ಲಿ ಇಂದಿರಾ ಗಾಂಧಿಯವರು ಮತ್ತೆ ಲೋಕಸಭೆಗೆ ಹೋಗಲು ಚಿಕ್ಕಮಗಳೂರನ್ನು ಆರಿಸಿಕೊಂಡರು. ಡಿ. ಬಿ. ಚಂದ್ರೇಗೌಡರು ಅವರಿಗಾಗಿ ಜಾಗ ತೆರವು ಮಾಡಿದರು. ಎದುರು ನಿಲ್ಲಲು ಡಾ. ರಾಜ್‌ಕುಮಾರ್ ಅವರನ್ನು ಒಪ್ಪಿಸುವ ಪ್ರಯತ್ನವೂ ನಡೆಯಿತು, ಅವರು ಸಿಕ್ಕಲಿಲ್ಲ. ಕೊನೆಗೆ ಜನತಾ ಪಕ್ಷ ನಿಲ್ಲಿಸಿದ್ದು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು. ಪ್ರಚಾರದ ಹೊಣೆ ಹೊತ್ತು ದೆಹಲಿಯಿಂದ ಬಂದವರು ಅಂದಿನ ಕೈಗಾರಿಕಾ ಮಂತ್ರಿ ಜಾರ್ಜ್. ಕನ್ನಡ ಬಲ್ಲವರು, ಪಕ್ಕದ ಜಿಲ್ಲೆಯವರು. ಅವರಿಗಿಂತ ತಕ್ಕವರು ಯಾರಿದ್ದರು?

ಆಗ ಹೆಡೆಯೆತ್ತಿದ ನಾಗರಹಾವಿನ ಚಿತ್ರ ಹಾಕಿ, ಎಚ್ಚರ, ಇದು ಮತ್ತೆ ತಲೆಯೆತ್ತುತ್ತಿದೆ ಎಂದು ಸಾರುವ ಪೋಸ್ಟರು ಅಂಟಿಸಿದರಂತೆ. ಇಂದಿರಾ ಅವರ ಜೀವನಚರಿತ್ರೆ ಬರೆದವರು ಇದನ್ನು ದಾಖಲಿಸಿದ್ದಾರೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಊರಿನಲ್ಲಿ ಹೆಡೆಯೆತ್ತಿದ ನಾಗಪ್ಪನನ್ನು ಕಂಡರೆ ಹೆಂಗಸರು ಕೈಮುಗಿಯದೆ ಇರುತ್ತಾರೆಯೇ? ಬಯ್ಯಲು ಹೋಗಿ ಹರಸಿದಂತಾಯಿತು. ನಾಗಬನಗಳ ನಾಡಿನಲ್ಲಿ ಬೆಳೆದ ಜಾರ್ಜ್‌ಗೆ ಇದು ಹೊಳೆಯಲಿಲ್ಲವೆಂಬುದೇ ನನಗೆ ಸೋಜಿಗ. ಅತ್ತ ಇಂದಿರಾ ಅವರ ಬೆನ್ನಿಗಿದ್ದವರು ಮುಖ್ಯಮಂತ್ರಿ ದೇವರಾಜ ಅರಸು. ಹಿಂದುಳಿದವರಿಗೆ ಮೀಸಲಾತಿ, ಗೇಣಿದಾರರಿಗೆ ಭೂಮಿ ಕೊಟ್ಟ ಸರ್ಕಾರ ಅವರದು. ಮುಂಬಯಿಯಲ್ಲಿ ಜಾರ್ಜ್‌ಗೆ ಟ್ಯಾಕ್ಸಿಯವರು ಹೇಗೋ, ಮಲೆನಾಡಿನಲ್ಲಿ ಅರಸರಿಗೆ ಗೇಣಿದಾರರು ಹಾಗೆ. ಇಂದಿರಾ 77,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ವೀರೇಂದ್ರ ಪಾಟೀಲರು ಮುಂದೆ ಇಂದಿರಾ ಅವರ ಸಂಪುಟದಲ್ಲೇ ಮಂತ್ರಿಯಾದರು. ಜಾರ್ಜ್ 1984ರಲ್ಲಿ ಬೆಂಗಳೂರು ಉತ್ತರದಲ್ಲಿ ತಾವೇ ನಿಂತು, ಜಾಫರ್ ಷರೀಫರೆದುರು ಸೋತು, ಮತ್ತೆ ಬಿಹಾರದ ಹಾದಿ ಹಿಡಿದರು.