ಬೆಳ್ಳಂದೂರು ಕೆರೆಯ ವಿಮಾನ ಮತ್ತು ಒಂದು ಹಳೆಯ ಆಲ್ಬಮ್

ನಮ್ಮ ಕೊರವಂಗಲದ ಬೂಚೇಶ್ವರ ದೇವಾಲಯವನ್ನು ಕಟ್ಟಿಸಿದವನು ಬೂಚಿರಾಜ. ಕಾಲ, ಎರಡನೆಯ ವೀರಬಲ್ಲಾಳನು ಪಟ್ಟಕ್ಕೆ ಬಂದ 1173. ಎಂಟೂವರೆ ಶತಮಾನದ ಹಿಂದಿನವನ ಹೆಸರು ಕಲ್ಲಿನಲ್ಲಿ ಉಳಿದಿದೆ. ಇದೇ ಊರಿನಿಂದ 1942ರಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ನನ್ನ ದೊಡ್ಡಪ್ಪನವರ ಯೌವನದ ಮುಖ ಹೇಗಿತ್ತೆಂದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಆ ಕಾಲದ ಒಂದು ಫೋಟೋ ಕೂಡ ಇಲ್ಲ.

ಈಗ ಇದನ್ನು ನೆನೆಯಲು ಕಾರಣ, ಅಮೇರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಅವನು ಯುದ್ಧಕಾಲದ ಅಮೇರಿಕನ್ ವಾಯುಯೋಧನೊಬ್ಬನ ಸ್ವಂತ ಆಲ್ಬಮ್ ಕೊಂಡು, ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ನನಗೆ ಕಳುಹಿಸಿದ. ಕಪ್ಪು ಕಾಗದದ ಹಾಳೆಗಳು, ಬಿಳಿಯ ಶಾಯಿಯಲ್ಲಿ ಬರೆದ ಚುಟುಕು ವಿವರಗಳು, ನಡುವೆ ‘ಬ್ಯಾಂಗಲೋರ್’ ಎಂಬ ಹೆಸರು.

ಸ್ವಲ್ಪ ಇತಿಹಾಸ ಹೇಳಬೇಕು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಂದಿಗೆ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಜಪಾನೀಯರು ಬರ್ಮಾದವರೆಗೆ ಬಂದಾಗ ಹೊಸ ವಿಮಾನ ಕಟ್ಟುವುದಕ್ಕಿಂತ ಕೆಟ್ಟವನ್ನು ದುರಸ್ತಿ ಮಾಡುವುದೇ ತುರ್ತಾಯಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೇರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ದುರಸ್ತಿಗೆಂದು ಬಂದಿಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ! 2017ರಲ್ಲಿ ಬೆಂಕಿ ಹೊತ್ತಿಕೊಂಡು ಸುದ್ದಿಯಾದ ಕೆರೆ ಅದೇ ಎಂದರೆ ಇಂದಿನ ಮಕ್ಕಳು ನಂಬಲಾರರು.

ಇಂಥ ಆಲ್ಬಮ್‌ಗಳಿಗೆ ಈಗ ಸಂಗ್ರಾಹಕರಿದ್ದಾರೆ. ಆದರೆ ಎಲ್ಲವೂ ಒಂದೇ ಬಗೆಯವಲ್ಲ. ಕ್ಲೈಡ್ ವಾಡೆಲ್ ಎಂಬ ಸೇನಾ ಛಾಯಾಗ್ರಾಹಕನ ಕಲ್ಕತ್ತೆಯ 60 ಚಿತ್ರಗಳ ಸಂಪುಟ ಪ್ರಸಿದ್ಧವಾದುದು. ಅದರ ಪ್ರತಿಗಳು ಹಲವು ಸೈನಿಕರ ಮನೆ ಸೇರಿದವು. ಒಬ್ಬನೇ ತೆಗೆದು, ತಾನೇ ಅಂಟಿಸಿ, ತಾನೇ ಹೆಸರು ಬರೆದ ಆಲ್ಬಮ್ ಜಗತ್ತಿಗೆಲ್ಲ ಒಂದೇ. ಅದರ ಅರ್ಥವಿರುವುದು ಚಿತ್ರಗಳ ಅನುಕ್ರಮದಲ್ಲಿ: ಯಾವುದರ ಪಕ್ಕದಲ್ಲಿ ಯಾವುದು, ಹಿಂದೆ ಏನು ಬರೆದಿದೆ ಎಂಬುದರಲ್ಲಿ. ವ್ಯಾಪಾರಿಗಳಿಗೆ ಇದು ಬೇಡ. ವಿಮಾನಗಳ ಚಿತ್ರಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆಂದು ಒಬ್ಬ ನನ್ನ ಶಿಷ್ಯನಿಗೂ ಸಲಹೆ ಕೊಟ್ಟನಂತೆ.

ಹಾಗೆ ಕಿತ್ತರೆ ಮೊದಲು ಕಸದ ಬುಟ್ಟಿ ಸೇರುವುದು ಹದಿನೇಳನೆಯ ಪುಟ. ಅಲ್ಲಿ ವಿಮಾನವಿಲ್ಲ. ಕೆರೆಯ ದಂಡೆಯಲ್ಲಿ ಸಾಲಾಗಿ ನಿಂತ ಒಂಬತ್ತು ಜನ ನಮ್ಮವರು. ಕೆಲವರಿಗೆ ಖಾಕಿ ಚಡ್ಡಿ, ಒಬ್ಬರ ತಲೆಗೆ ಟವೆಲ್ಲು. ಹಿಂದಿನ ಪುಟದಲ್ಲಿ ಕ್ಯಾಟಲೀನಾ ಇರುವುದರಿಂದಲೇ ಅದು ಬೆಳ್ಳಂದೂರೆಂದು ಊಹಿಸಬಹುದು. ಅಮೇರಿಕನ್ ಗೆಳೆಯರ ಚಿತ್ರಗಳ ಕೆಳಗೆ ಒಬ್ಬೊಬ್ಬರ ಹೆಸರನ್ನೂ ಬರೆದ ಪುಣ್ಯಾತ್ಮ ಇಲ್ಲಿ ‘ನೇಟಿವ್ ಹೆಲ್ಪರ್ಸ್’ ಎಂದಷ್ಟೇ ಬರೆದಿದ್ದಾನೆ. ನನಗೆ ಕೋಪ ಬಂತು. ಆದರೆ ಕ್ಯಾಮರಾ ಹಿಡಿದು ಅವರನ್ನು ನಿಲ್ಲಿಸಿದವನೂ ಅವನೇ ಅಲ್ಲವೇ? ನಾವಂತೂ ತೆಗೆಯಲಿಲ್ಲ.

ದೊಡ್ಡಪ್ಪನವರ ಮಗಳು, ಎಂಬತ್ತು ದಾಟಿದ ನಮ್ಮಕ್ಕನಿಗೆ ಆ ಪುಟವನ್ನು ದೊಡ್ಡದಾಗಿ ಮುದ್ರಿಸಿ ತೋರಿಸಿದೆ. ಬಹಳ ಹೊತ್ತು ನೋಡಿ ಎಡದಿಂದ ಮೂರನೆಯವರ ಮೇಲೆ ಬೆರಳಿಟ್ಟಳು. “ಕಿವಿ ನಮ್ಮಪ್ಪಂದೇ ಕಣೋ,” ಎಂದಳು. ಸ್ವಲ್ಪ ತಡೆದು, “ಇಲ್ಲ, ಈ ಕಡೆಯೋರೇನೋ,” ಎಂದು ಬೆರಳನ್ನು ಐದನೆಯವರ ಮೇಲೆ ಸರಿಸಿದಳು.

ಆಲ್ಬಮನ್ನು ಒಡೆಯಬೇಡವೆಂದು ಶಿಷ್ಯನಿಗೆ ಆ ರಾತ್ರಿಯೇ ಬರೆದೆ. “ಆಗಲಿ ಸಾರ್, ಬರುವಾಗ ತರ್ತೀನಿ,” ಎಂದು ಉತ್ತರ ಬಂದಿದೆ.