ವಿಲ್ಲಾ ನವೀಕರಣ: ಹಳೆಯ ಕಂಬ ಬೇಕೆ, ಕಿನ್ನಾಳದ ಕೈಗೆಲಸ ಬೇಕೆ?

ಕಿನ್ನಾಳ (ಕೊಪ್ಪಳ ಜಿಲ್ಲೆ): ಬೆಂಗಳೂರು ಸೇರಿದಂತೆ ರಾಜ್ಯದ ದೊಡ್ಡ ನಗರಗಳ ಹೊರವಲಯದಲ್ಲಿ ಎರಡು ಮೂರು ದಶಕಗಳ ಹಿಂದೆ ತಲೆ ಎತ್ತಿದ ಉದ್ಯಾನ ಬಡಾವಣೆಗಳ ವಿಲ್ಲಾಗಳಿಗೆ ಈಗ ನವೀಕರಣದ ಕಾಲ. ನೆಲಹಾಸು, ಅಡುಗೆಮನೆ, ಸ್ನಾನಗೃಹಗಳ ಜೊತೆಗೆ ‘ಪಾರಂಪರಿಕ ಸೊಬಗು’ ಕೂಡ ಮಾಲೀಕರ ಬೇಡಿಕೆಯ ಪಟ್ಟಿಯಲ್ಲಿದೆ. ಕೆತ್ತನೆಯ ಕಂಬ, ಭಾರಿ ಬಾಗಿಲು, ಬಣ್ಣದ ದೇವರ ಮಂಟಪ ಎಲ್ಲರಿಗೂ ಬೇಕು. ಆದರೆ ಈ ಸೊಬಗು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಇದಕ್ಕೆ ಎರಡು ದಾರಿಗಳಿವೆ. ಒಂದು, ಎಲ್ಲೋ ಕೆಡವಿದ ಮನೆಯ ಮರವನ್ನು ಕೊಳ್ಳುವುದು. ಇನ್ನೊಂದು, ಬದುಕಿರುವ ಕುಶಲಕರ್ಮಿಯಿಂದ ಹೊಸದಾಗಿ ಮಾಡಿಸುವುದು. ಈ ಎರಡು ದಾರಿಗಳ ವ್ಯತ್ಯಾಸವನ್ನು ಅರಿಯಲು ಕೊಪ್ಪಳ ಜಿಲ್ಲೆಗಿಂತ ಸೂಕ್ತ ಸ್ಥಳ ಮತ್ತೊಂದಿಲ್ಲ.

ತೋಟದ ಮನೆಯ ಕಲ್ಪನೆ ಹಳೆಯದು:
ಮನೆಗೊಂದು ತೋಟವೆಂಬ ವಸತಿ ಸಮುದಾಯದ ಕಲ್ಪನೆ ರಾಜ್ಯಕ್ಕೆ ಹೊಸದೇನಲ್ಲ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿ ನೀಡಿದ್ದರಿಂದ ವೈಟ್‌ಫೀಲ್ಡ್ ಜನ್ಮ ತಾಳಿತು. ಇಂದು ಅದೇ ವೈಟ್‌ಫೀಲ್ಡ್ ಸುತ್ತಮುತ್ತ ವಿಲ್ಲಾ ಬಡಾವಣೆಗಳು ಹಬ್ಬಿವೆ. ಉತ್ತರ ಕರ್ನಾಟಕದ ಹಳೆಯ ಸ್ಥಿತಿವಂತರ ಮನೆಗಳಲ್ಲಿಯೂ ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು ಇದ್ದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ಕಂಬ, ಅದರ ಮೇಲೆ ಬೋದಿಗೆ, ತೊಲೆ, ಜಂತಿ, ಎಲ್ಲಕ್ಕೂ ಮೇಲೆ ಮಣ್ಣಿನ ಮಾಳಿಗೆ, ಇದು ಅವುಗಳ ರಚನೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಅಂತಹ ಮನೆ ಒಳಗೆ ತಂಪಾಗಿರುತ್ತದೆ.

ಮಾಳಿಗೆ ಮನೆಗೆ ಪ್ರತಿ ವರ್ಷ ಆರೈಕೆ ಅಗತ್ಯ. ಮಳೆಗಾಲಕ್ಕೆ ಮುನ್ನ ಮೇಲೆ ಮಣ್ಣು ಹಾಕಿ ಹದಗೊಳಿಸುವುದು ವಾಡಿಕೆ. ಹಳೆಯ ಪದರವನ್ನು ತೆಗೆಯದೆ ಹೊಸದನ್ನು ಹೇರುತ್ತಾ ಹೋದರೆ ಭಾರ ಹೆಚ್ಚುತ್ತದೆ. ಹತ್ತು ಸೆಂಟಿಮೀಟರ್ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ. ತೊಲೆ ಬಾಗುತ್ತದೆ, ಮಳೆನೀರು ಇಳಿಯುತ್ತದೆ, ಗೆದ್ದಲು ಹತ್ತುತ್ತದೆ. ಆಗ ದುರಸ್ತಿಗಿಂತ ಕೆಡವುವುದೇ ಸುಲಭವೆಂದು ತೋರುತ್ತದೆ. ಹೀಗೆ ಕೆಡವಿದ ಮನೆಯ ಕಂಬ, ಬಾಗಿಲುಗಳು ಹಳೆಯ ಮರದ ವ್ಯಾಪಾರಿಗಳ ಮೂಲಕ ದೂರದ ನಗರಗಳ ವಿಲ್ಲಾ, ರೆಸಾರ್ಟ್‌ಗಳನ್ನು ಸೇರುವುದುಂಟು. ಒಳ್ಳೆಯ ಬೆಲೆ ಸಿಗುವುದರಿಂದ ಉಳಿಸಬಹುದಾದ ಮನೆಯೂ ಕೆಲವೊಮ್ಮೆ ನೆಲಸಮವಾಗುತ್ತದೆ ಎಂಬುದು ಗಮನಾರ್ಹ.

ಆನೆಗೊಂದಿಯ ಉದಾಹರಣೆ:
ಕೆಡವದೆಯೂ ನವೀಕರಿಸಬಹುದು ಎಂಬುದಕ್ಕೆ ಇದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಸಾಕ್ಷಿ. ತುಂಗಭದ್ರೆಯ ಉತ್ತರ ದಡದಲ್ಲಿ, ಭತ್ತದ ಗದ್ದೆ ಮತ್ತು ಬಾಳೆ ತೋಟಗಳ ನಡುವೆ ಇರುವ ಈ ಗ್ರಾಮದಲ್ಲಿ ಶಮಾ ಪವಾರ್ ನೇತೃತ್ವದ ಕಿಷ್ಕಿಂದಾ ಟ್ರಸ್ಟ್ 1997ರಿಂದ ಕಾರ್ಯನಿರತವಾಗಿದೆ. ಇಲ್ಲಿ ಹಳೆಯ ಮನೆಗಳನ್ನು ಅವುಗಳ ಮೂಲ ರೂಪದಲ್ಲಿಯೇ ದುರಸ್ತಿಗೊಳಿಸಿ ಅತಿಥಿಗೃಹಗಳನ್ನಾಗಿ ಮಾಡಲಾಗಿದೆ. ಮನೆ ಊರಿನಲ್ಲಿಯೇ ಉಳಿಯಿತು, ಅದನ್ನು ದುರಸ್ತಿ ಮಾಡುವ ಕೆಲಸವೂ ಊರಿಗೇ ದಕ್ಕಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಸಮೀಪದಲ್ಲಿಯೇ ಇದೆ. ಹಂಪಿ ಸ್ಮಾರಕ ಸಮೂಹ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಈ ಪ್ರದೇಶದ ನಿರ್ಮಾಣಗಳ ನಿಯಂತ್ರಣಕ್ಕಾಗಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ, 2002 ಜಾರಿಗೆ ಬಂದಿತು. ನಿಯಮ ಮೀರಿ ತಲೆ ಎತ್ತಿದ್ದ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು, ಸುಪ್ರೀಂ ಕೋರ್ಟ್ ಆದೇಶದ ನಂತರ, 2020ರ ಮಾರ್ಚ್‌ನಲ್ಲಿ ತೆರವುಗೊಳಿಸಲಾಯಿತು. ಅನುಮತಿಯಿಲ್ಲದ ಕಟ್ಟಡಕ್ಕೆ ಹಾಕಿದ ಹಣ ಎಷ್ಟೇ ಇರಲಿ, ಉಳಿಯುವ ಖಾತ್ರಿಯಿಲ್ಲ.

ಹಳೆಯ ಮರ ಕೊಳ್ಳುವ ಮುನ್ನ:
ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ, 1972ರ ಪ್ರಕಾರ ನೂರು ವರ್ಷಕ್ಕಿಂತ ಹಳೆಯದಾದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪುರಾವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತದೆ. ಪುರಾವಸ್ತು ವ್ಯಾಪಾರಕ್ಕೆ ಪರವಾನಗಿ ಅಗತ್ಯ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಆದ್ದರಿಂದ ಕಂಬ ಎಲ್ಲಿಯದು, ಎಷ್ಟು ಹಳೆಯದು, ಮಾರುವವರಿಗೆ ಪರವಾನಗಿ ಇದೆಯೇ ಎಂಬುದನ್ನು ವಿಚಾರಿಸಿ, ರಸೀದಿ ಪಡೆಯುವುದು ಒಳಿತು. ದೇವಾಲಯದ ಭಾಗವೆಂದು ಕಾಣುವ ಯಾವ ವಸ್ತುವನ್ನೂ ಮುಟ್ಟದಿರುವುದೇ ಲೇಸು.

ಕಂಬ ನಿಲ್ಲಿಸುವಾಗ ಅದರ ಬುಡವನ್ನು ಕಾಂಕ್ರೀಟಿನಲ್ಲಿ ಹೂಳಬಾರದು. ಹಳೆಯ ಮನೆಗಳಲ್ಲಿ ಕಂಬದ ಕೆಳಗೆ ಕಲ್ಲಿನ ಪೀಠ ಇರುವುದು ಅಲಂಕಾರಕ್ಕಷ್ಟೇ ಅಲ್ಲ. ನೆಲದ ತೇವ ಮರಕ್ಕೆ ಏರದಂತೆ ಅದು ತಡೆಯುತ್ತದೆ.

ಕಿನ್ನಾಳದಲ್ಲಿ ಏನು ದೊರೆಯುತ್ತದೆ?:
ಕೊಪ್ಪಳಕ್ಕೆ ಸಮೀಪದ ಕಿನ್ನಾಳ ತನ್ನ ಬಣ್ಣದ ಮರದ ಬೊಂಬೆಗಳಿಗೆ ಹೆಸರಾಗಿದ್ದು, ಇಲ್ಲಿನ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಲಭಿಸಿದೆ. ಚಿತ್ರಗಾರ ಕುಟುಂಬಗಳು ತಲೆಮಾರುಗಳಿಂದ ಈ ಕಲೆಯನ್ನು ನಡೆಸಿಕೊಂಡು ಬಂದಿವೆ. ಹಂಪಿಯ ವಿರೂಪಾಕ್ಷ ದೇವಾಲಯದ ಛಾವಣಿಯ ವರ್ಣಚಿತ್ರಗಳನ್ನು ರಚಿಸಿದವರು ಇವರ ಪೂರ್ವಜರೇ ಎಂಬ ನಂಬಿಕೆಯಿದೆ. ದೇವತಾಮೂರ್ತಿ, ಗರುಡ, ತೊಟ್ಟಿಲು, ಮಣೆ, ಪ್ರಾಣಿ ಪಕ್ಷಿಗಳು ಇಲ್ಲಿನ ವೈಶಿಷ್ಟ್ಯ.

ಹಗುರವಾದ ಮರವನ್ನು ಕೆತ್ತಿ ಭಾಗಗಳನ್ನು ಜೋಡಿಸಲಾಗುತ್ತದೆ. ಅದರ ಮೇಲೆ ಸೆಣಬಿನ ಚಿಂದಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಬೆರೆತ ‘ಕಿಟ್ಟ’ವನ್ನು ಬಳಿದು, ಹತ್ತಿ ಬಟ್ಟೆಯ ತುಣುಕು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಬಣ್ಣ ಕೂರುವುದು ಈ ಲೇಪದ ಮೇಲೆ. ಆಭರಣಗಳ ಉಬ್ಬು ಕೆಲಸಕ್ಕೂ ಇದೇ ಬಗೆಯ ಲೇಪ ಬಳಕೆಯಾಗುತ್ತದೆ. ‘ಲಾಜವಾರ’ ಎಂಬ ಸಾಂಪ್ರದಾಯಿಕ ವಿಧಾನದಲ್ಲಿ ತವರವನ್ನು ಬಳಸಿ ಬಂಗಾರದ ಮೆರುಗು ತರಲಾಗುತ್ತದೆ.

ಈ ವಿಧಾನ ತಿಳಿದಿದ್ದರೆ ವಿಲ್ಲಾದಲ್ಲಿ ಅದನ್ನು ಎಲ್ಲಿ ಬಳಸಬೇಕೆಂಬುದೂ ತಿಳಿಯುತ್ತದೆ. ಮರ ಹಗುರವಾದ್ದರಿಂದ ಭಾರ ಹೊರುವ ಕಂಬಕ್ಕೆ ಇದು ಸಲ್ಲದು. ದೇವರ ಮಂಟಪ, ಗೋಡೆಯ ಫಲಕ, ಬಾಗಿಲಿನ ಮೇಲಿನ ಅಲಂಕಾರ, ತೊಟ್ಟಿಲು ಇವುಗಳಿಗೆ ಯೋಗ್ಯ. ಅಂಟಿನ ಲೇಪಕ್ಕೆ ನೀರು ಶತ್ರು. ಆದ್ದರಿಂದ ತೆರೆದ ಜಗುಲಿ, ಸ್ನಾನಗೃಹದ ಗೋಡೆ, ನೇರ ಬಿಸಿಲು ಬೀಳುವ ಜಾಗ ಬೇಡ. ಧೂಳು ತೆಗೆಯಲು ಒಣಗಿದ ಮೃದು ಬಟ್ಟೆ ಸಾಕು. ಮಾಸಿದ ಹಳೆಯ ಕೆಲಸದ ಮೇಲೆ ಎಣ್ಣೆ ಬಣ್ಣ ಹೊಡೆಸದೆ ಕಲಾವಿದರಿಗೇ ತೋರಿಸಬೇಕು. ಲೇಪ ಒಣಗಲು ಕಾಲಾವಕಾಶ ಬೇಕಾದ್ದರಿಂದ ನವೀಕರಣದ ಆರಂಭದಲ್ಲಿಯೇ ಅಳತೆ ಕೊಟ್ಟು ಬೇಡಿಕೆ ಸಲ್ಲಿಸುವುದು ಸೂಕ್ತ. ಗೃಹಪ್ರವೇಶಕ್ಕೆ ವಾರ ಇರುವಾಗ ಕೇಳಿದರೆ ಕೆಲಸ ಕೆಡುತ್ತದೆ.

ಗೋಡೆ ಮತ್ತು ತೋಟ:
ಹಳೆಯ ಮಣ್ಣು, ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಹಿತವಲ್ಲ. ಗೋಡೆಯೊಳಗಿನ ತೇವ ಸುಣ್ಣದ ಗಾರೆಯ ಮೂಲಕ ಆವಿಯಾಗುತ್ತದೆ. ಸಿಮೆಂಟ್ ಅದನ್ನು ತಡೆದಾಗ ಉಪ್ಪು ಒಳಗೇ ಶೇಖರವಾಗಿ ಗೋಡೆ ಉದುರತೊಡಗುತ್ತದೆ. ಇಟ್ಟಿಗೆ ಸಿಮೆಂಟಿನ ವಿಲ್ಲಾಗಳಲ್ಲಿಯೂ ತೇವದ ಮೂಲ ಹಲವು ಬಾರಿ ತೋಟವೇ ಆಗಿರುತ್ತದೆ. ಗೋಡೆಗೆ ಒತ್ತಿದ ಹೂವಿನ ಪಾತಿ, ದಿನವೂ ನೀರುಣ್ಣುವ ಹುಲ್ಲುಹಾಸು ಇದಕ್ಕೆ ಕಾರಣ. ಹೀಗಾಗಿ ಬಣ್ಣಕ್ಕೆ ಹಣ ಹಾಕುವ ಮುನ್ನ ಪಾತಿಯನ್ನು ಗೋಡೆಯಿಂದ ದೂರ ಸರಿಸಿ, ಸುತ್ತಲಿನ ನೆಲವನ್ನು ಹೊರಕ್ಕೆ ಇಳಿಜಾರಾಗಿಸಬೇಕು. ಬೇವು, ಹೊಂಗೆ, ಕರಿಬೇವು, ದಾಸವಾಳದಂತಹ ಗಿಡಗಳು ಬೇರೂರಿದ ಮೇಲೆ ಹುಲ್ಲುಹಾಸಿನಷ್ಟು ನೀರು ಬೇಡುವುದಿಲ್ಲ.

ಮರ ಕಡಿಯುವುದಾದರೆ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದವಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅನ್ವಯ ಅನುಮತಿ ಬೇಕು. ಬೆಂಗಳೂರಿನಲ್ಲಿ 2009ರ ಕಾಯ್ದೆ ತಿದ್ದುಪಡಿಯ ನಂತರ 60×40 ಅಡಿ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಗೋಡೆ ತೆಗೆಯುವ ಮುನ್ನ ರಚನಾ ಎಂಜಿನಿಯರ್ ಅಭಿಪ್ರಾಯ, ಮನೆ ವಿಸ್ತರಿಸುವ ಮುನ್ನ ಸ್ಥಳೀಯ ಸಂಸ್ಥೆಯ ನಕ್ಷೆ ಮಂಜೂರಾತಿ, ಹೊರನೋಟ ಬದಲಿಸುವ ಮುನ್ನ ನಿವಾಸಿಗಳ ಸಂಘದ ಒಪ್ಪಿಗೆ ಪಡೆಯಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ವ್ಯಾಪ್ತಿ ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದೆ. ಅಲ್ಲಿ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಅಗತ್ಯ.

ಆಯ್ಕೆ ಮಾಲೀಕರದು:
ಕಿತ್ತು ತಂದ ಕಂಬವೊಂದು ವಿಲ್ಲಾದ ಪಡಸಾಲೆಗೆ ಶೋಭೆ ತರಬಹುದು. ಆದರೆ ಅದನ್ನು ಕೆತ್ತಿದ ಕೈ ಇಂದಿಲ್ಲ, ಅದು ನಿಂತಿದ್ದ ಮನೆಯೂ ಇಲ್ಲ. ಅಂತಹ ಕಂಬಗಳು ಮುಗಿದ ಮೇಲೆ ಮತ್ತೆ ಹುಟ್ಟುವುದಿಲ್ಲ. ಕಿನ್ನಾಳದಲ್ಲಿ ಮಾಡಿಸಿದ ಮಂಟಪದ ವಿಷಯ ಹಾಗಲ್ಲ. ಒಂದು ಮಾಡಿಸಿದರೆ ಇನ್ನೊಂದನ್ನು ಮಾಡುವ ಕೈಗೆ ಬಲ ಬರುತ್ತದೆ, ಅಪ್ಪನ ಪಕ್ಕದಲ್ಲಿ ಕುಳಿತ ಮಗ ಉಳಿ ಹಿಡಿಯಲು ಕಾರಣ ಸಿಗುತ್ತದೆ. ಮನೆಯನ್ನು ಹೊಸದಾಗಿಸಲು ಹೊರಟವರು ಬೆಲೆಪಟ್ಟಿಯ ಜೊತೆಗೆ ಈ ಲೆಕ್ಕವನ್ನೂ ಹಾಕುವುದು ಉಚಿತ.